ಕಾಜಾಣ ಏನು ಕೊಡುತ್ತದೆ? ಮಕ್ಕಳಿಗೆ ಪ್ರಾಣಿಗಳ ಕೆಲಸ ತೋರಿಸಿಕೊಡುವ ಬಗೆ

ನನ್ನ ಮಗಳು ಮೂರನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಪಾಠ ಬಾಯಿಪಾಠ ಮಾಡುತ್ತಿದ್ದಳು. ಆಕಳು ಹಾಲು ಕೊಡುತ್ತದೆ. ನಾಯಿ ಮನೆ ಕಾಯುತ್ತದೆ. ಕುರಿ ಉಣ್ಣೆ ಕೊಡುತ್ತದೆ. ನಮ್ಮ ಮನೆ ಇರೋದು ಕಲಬುರಗಿಯ ಅಂಚಿನಲ್ಲಿ. ಎದುರಿಗೆ ಖಾಲಿ ಪ್ಲಾಟು, ಅದರಾಚೆ ತೊಗರಿ ಹೊಲ. ಕರೆಂಟ್ ತಂತಿಯ ಮೇಲೆ ಒಂದು ಕಾಜಾಣ ಕೂತಿತ್ತು, ಬಾಲ ಸೀಳಿದ ಕರಿ ಹಕ್ಕಿ. "ಅದು ಏನ್ ಕೊಡ್ತದ?" ಅಂತ ಕೇಳಿದೆ. ಅವಳು ತಂತಿ ನೋಡಿದಳು, ಪುಸ್ತಕ ನೋಡಿದಳು. "ಅದು ಪುಸ್ತಕದಾಗ ಇಲ್ಲ ಅವ್ವಾ" ಅಂದಳು.

ಆವತ್ತು ಅವಳು ತಿಂದ ತೊಗರಿ ಬ್ಯಾಳಿಯಲ್ಲಿ ಆ ಹಕ್ಕಿಯ ಪಾಲು ಇತ್ತು. ಅದನ್ನು ಅವಳಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ, ನಾನೂ ಹೇಳಿರಲಿಲ್ಲ. ಆ ವರ್ಷದಿಂದ ಭಾನುವಾರ ಬೆಳಗ್ಗೆ ಓಣಿಯ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗುತ್ತೇನೆ. ಆರರಿಂದ ಹನ್ನೆರಡು ವರ್ಷದ ಮಕ್ಕಳು ಇವರು. ಅವರ ಜೊತೆ ಏನು ಮಾಡಿದರೆ ಮನಸ್ಸಿಗೆ ಹತ್ತುತ್ತದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆ ಶುರುವಾಗುವ ಜೂನ್‌ನಿಂದ ಬೇಸಿಗೆಯವರೆಗೆ, ನಮ್ಮ ಕಡೆಯ ಹಂಗಾಮು ಹೇಗೆ ಸಾಗುತ್ತದೋ ಹಾಗೆಯೇ ಇದೂ ಸಾಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸ್ವಲ್ಪ ಹಿಂದುಮುಂದು ಅಷ್ಟೇ.

ಮೊದಲು ಒಂದು ನೋಟ್‌ಬುಕ್

ಖರ್ಚಿನ ಸಾಮಾನು ಏನೂ ಬೇಡ. ಒಂದು ನೋಟ್‌ಬುಕ್, ಪೆನ್ಸಿಲ್, ಹಳೆಯ ಬಿಳಿ ಬೆಡ್‌ಶೀಟು, ಕುಡಿಯೋ ನೀರು, ತಲೆಗೊಂದು ಟೊಪ್ಪಿಗೆ. ಭೂತಗನ್ನಡಿ ಇದ್ದರೆ ಒಳ್ಳೆಯದು.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಸಿ. ಯಾರನ್ನು ನೋಡಿದೆ, ಅದು ಏನು ಮಾಡುತ್ತಿತ್ತು, ಅದರಿಂದ ಬೇರೆ ಯಾರಿಗೆ ಏನಾಯಿತು. ಮೊದಲ ಎರಡನ್ನು ಮಗು ಅಲ್ಲೇ ಬರೆಯಲಿ. ಮೂರನೆಯದು ಖಾಲಿ ಉಳಿದರೂ ಚಿಂತೆಯಿಲ್ಲ. ದೊಡ್ಡವರು ಮಾಡುವ ದೊಡ್ಡ ತಪ್ಪು ಇಲ್ಲೇ. ಮಗು "ಇರುವೆ ಏನೋ ಎಳ್ಕೊಂಡು ಹೊಂಟದ" ಅಂದ ಕೂಡಲೇ ನಾವು "ಇರುವೆ ಶಿಸ್ತಿನ ಜೀವಿ" ಅಂತ ಭಾಷಣ ಶುರು ಮಾಡುತ್ತೇವೆ. ಸುಮ್ನಿರಿ. ಅದು ಏನು ಎಳೆಯುತ್ತಿದೆ, ಎಲ್ಲಿಗೆ ಒಯ್ಯುತ್ತಿದೆ ಅಂತ ಮಗುವೇ ಹಿಂದೆ ಹೋಗಿ ನೋಡಲಿ. ಸತ್ತ ಜೀರುಂಡೆ ಎಳೆಯುತ್ತಿದ್ದರೆ, ಅಂಗಳ ಗುಡಿಸುವವರಲ್ಲಿ ಇರುವೆಯೂ ಒಂದು ಅಂತ ಅದಕ್ಕೇ ಹೊಳೆಯುತ್ತದೆ.

ಮೊದಲ ವಾರ ಬೇರೆಲ್ಲೂ ಹೋಗಬೇಡಿ. ಒಂದೇ ಜಾಗ, ದಿನಕ್ಕೆ ಹದಿನೈದು ನಿಮಿಷ. ಅಂಗಳ, ಮಾಳಿಗೆ, ಮನೆ ಮುಂದಿನ ಬೇವಿನ ಗಿಡ, ಯಾವುದಾದರೂ ಸರಿ.

ನಿಯಮ ಮೊದಲೇ ಹೇಳಿಬಿಡಿ. ನೋಡಬೇಕು, ಮುಟ್ಟಬಾರದು. ಕಲ್ಲಿನ ಸಂದಿ, ಬಿಲ, ಸೌದೆಯ ರಾಶಿಯೊಳಗೆ ಕೈ ಹಾಕಬಾರದು. ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು. ನಾಯಿ, ಬೆಕ್ಕು, ಮಂಗ ಕಚ್ಚಿದರೆ ಅಥವಾ ಪರಚಿದರೆ ಬೈಸಿಕೊಳ್ಳುತ್ತೇವೆ ಅಂತ ಹೆದರಿ ಮುಚ್ಚಿಡಬಾರದು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಬೇಕು. ಹೊಲದಲ್ಲಿ ತೆರೆದ ಬಾವಿ ಇದ್ದರೆ ಎಲ್ಲಿದೆ ಅಂತ ಮೊದಲೇ ತೋರಿಸಿಡಿ.

ಮುಂಗಾರು: ಹೆಂಡಿಯ ಹತ್ತಿರ ಕೂತು ನೋಡಿ

ಹೆಂಡಿ, ಅಂದರೆ ದನದ ಸಗಣಿ. ಹೆಸರು ಕೇಳಿದರೆ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾರೆ. ನಗಲಿ. ಮೃಗಶಿರ ಮಳೆ ಬಿದ್ದ ಮೇಲೆ ದನ ಮೇಯುವ ಜಾಗಕ್ಕೆ ಬೆಳಗ್ಗೆ ಹೋಗಿ, ಆಗಷ್ಟೇ ಹಾಕಿದ ಹೆಂಡಿ ಹುಡುಕಿ. ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು ಗುರುತು ಮಾಡಿ. ಸ್ವಲ್ಪ ದೂರದಲ್ಲಿರುವ ಇನ್ನೊಂದು ಹೆಂಡಿಯನ್ನು ಸಣ್ಣ ಕಣ್ಣಿನ ಜಾಳಿಗೆಯಿಂದ ಮುಚ್ಚಿ, ಅಂಚಿಗೆ ಸುತ್ತಲೂ ಮಣ್ಣು ಒತ್ತಿ. ಎರಡನ್ನೂ ಸಂಜೆ ನೋಡಿ, ಮರುದಿನ ನೋಡಿ, ನಾಲ್ಕನೇ ದಿನ ನೋಡಿ.

ಮುಚ್ಚದೆ ಬಿಟ್ಟ ಹೆಂಡಿಗೆ ಹೆಂಡಿ ಹುಳಗಳು ಬರುತ್ತವೆ. ಕೆಲವು ಉಂಡೆ ಕಟ್ಟಿ ಹಿಂಗಾಲಿನಿಂದ ಉರುಳಿಸಿಕೊಂಡು ಹೋಗುತ್ತವೆ. ಕೆಲವು ಅಲ್ಲೇ ಕೆಳಗೆ ತೂತು ಕೊರೆದು ಒಳಗೆ ಒಯ್ಯುತ್ತವೆ. ಅದರಲ್ಲೇ ಮೊಟ್ಟೆ ಇಡುತ್ತವೆ. ಮಗು ಇಷ್ಟು ನೋಡಿದ ಮೇಲೆ ಮೂರನೇ ಕಾಲಂಗೆ ಬನ್ನಿ. ಗೊಬ್ಬರ ಮಣ್ಣಿನೊಳಗೆ ಹೋಯಿತು. ಆ ತೂತಿನಲ್ಲಿ ಮಳೆ ನೀರು ಇಳಿಯಿತು. ನೊಣ ಮೊಟ್ಟೆ ಇಡೋಕೆ ಜಾಗ ಕಡಿಮೆಯಾಯಿತು. ಒಂದು ಹುಳ ಮಾಡಿದ ಕೆಲಸದಿಂದ ಇಷ್ಟು ಜನಕ್ಕೆ ಲಾಭ.

ಇಲ್ಲಿ ಆಸ್ಟ್ರೇಲಿಯಾದ ಕಥೆ ಹೇಳಿ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಆ ದೇಶಕ್ಕೆ ದನ ಬಂದದ್ದು ಹೊರಗಿನಿಂದ, ಹಡಗಿನಲ್ಲಿ. ಅಲ್ಲಿನ ಹುಳಗಳಿಗೆ ಗೊತ್ತಿದ್ದದ್ದು ಕಾಂಗರೂವಿನ ಒಣ ಹಿಕ್ಕೆ. ದನದ ಹಸಿ ಸಗಣಿ ಅವಕ್ಕೆ ಒಗ್ಗಲಿಲ್ಲ. ಸಗಣಿ ಹುಲ್ಲುಗಾವಲಿನ ಮೇಲೆ ಹಾಗೇ ಒಣಗಿ ಕೂತಿತು, ಹುಲ್ಲು ಸತ್ತಿತು, ನೊಣದ ಕಾಟ ವಿಪರೀತವಾಯಿತು. ಕಡೆಗೆ 1960ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಬೇರೆ ಖಂಡಗಳಿಂದ ಹೆಂಡಿ ಹುಳ ತರಿಸಿ ಬಿಡಲು ಶುರು ಮಾಡಿದರು. ನಮ್ಮ ಹೊಲದಲ್ಲಿ ಕರೆಯದೇ ಬರುವ ಹುಳವನ್ನು ಅವರು ವಿಮಾನದಲ್ಲಿ ತರಿಸಬೇಕಾಯಿತು! ಈ ಕಥೆ ಕೇಳಿದ ಮಗು ಆಮೇಲೆ ಹೆಂಡಿ ಹುಳವನ್ನು ತುಳಿಯುವುದಿಲ್ಲ.

ಇದೇ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಪೇಟೆಯಲ್ಲಿ ಅಚ್ಚಿನ ಎತ್ತು ಸಿಗುತ್ತವೆ, ದಯವಿಟ್ಟು ತರಬೇಡಿ. ಹಬ್ಬಕ್ಕೆ ಎರಡು ದಿನ ಮೊದಲು ಮಕ್ಕಳನ್ನು ನಿಜವಾದ ಜೋಡೆತ್ತಿನ ಹತ್ತಿರ ಒಯ್ಯಿರಿ. ಹಿಣಿಲು ಎಲ್ಲಿದೆ, ನೊಗ ಎಲ್ಲಿ ಕೂಡುತ್ತದೆ, ಕೊರಳ ಕೆಳಗೆ ಗಂಗೆದೊಗಲು ಹೇಗೆ ಜೋಲುತ್ತದೆ ನೋಡಲಿ. ಆಮೇಲೆ ಮನೆಯಲ್ಲಿ ಎರೆಮಣ್ಣು ಕಲಸಿ ಅವರೇ ಮಾಡಲಿ. ಎತ್ತಿನಿಂದ ಗಳೆ ಹೊಡೆಯುವ ಹೊಲ ಸಿಕ್ಕರೆ ಇನ್ನೂ ಒಳ್ಳೆಯದು. ಹಿಂದೆ ಬೆಳ್ಳಕ್ಕಿ ಸಾಲು ಯಾಕೆ ಬರುತ್ತದೆ ಅಂತ ಕೇಳಿ. ಮಣ್ಣು ಮಗುಚಿದಾಗ ಮೇಲೆ ಬರುವ ಹುಳ ಹೆಕ್ಕಲು. ಟ್ರ್ಯಾಕ್ಟರ್ ಹಿಂದೆಯೂ ಅವು ಬರುತ್ತವೆ.

ಬೀದರ್ ಕಡೆಯವರಿಗೆ ಇಲ್ಲಿ ಒಂದು ಭಾಗ್ಯ ಜಾಸ್ತಿ ಇದೆ. ಭಾಲ್ಕಿ, ಔರಾದ್, ಬಸವಕಲ್ಯಾಣದ ಹಳ್ಳಿಗಳಲ್ಲಿ ದೇವಣಿ ತಳಿ ಇನ್ನೂ ಕಾಣುತ್ತದೆ. ಹಾಲಿಗೂ ಸೈ, ಹೊಲದ ಕೆಲಸಕ್ಕೂ ಸೈ ಅನ್ನುವ ತಳಿ ಅದು. ಅದರಲ್ಲಿ ಮೂರು ಬಣ್ಣ. ಮೈಯೆಲ್ಲ ಬಿಳಿ ಇದ್ದರೆ ಬಾಲಂಕ್ಯಾ. ಮೈ ಬಿಳಿ, ಮುಖದ ಪಕ್ಕ ಕಪ್ಪಿದ್ದರೆ ವಾನ್ನೇರಾ. ಬಿಳಿ ಮೈ ಮೇಲೆ ಕಪ್ಪು ಮಚ್ಚೆ ಚೆಲ್ಲಿದ್ದರೆ ಶೇವರಾ. ಮಕ್ಕಳಿಗೆ ಇಷ್ಟು ಹೇಳಿ ಜಾನುವಾರು ಸಂತೆಗೆ ಒಯ್ದರೆ ಸಾಕು, ಎಣಿಸುತ್ತಲೇ ಇರುತ್ತಾರೆ. ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರೋದು ಬೀದರ್‌ನಲ್ಲೇ. ಶಾಲೆಯವರು ಮೊದಲೇ ಪತ್ರ ಬರೆದು ಭೇಟಿಗೆ ಕೇಳಿ ನೋಡಬಹುದು.

ಪಂಚಮಿ: ಹೆದರಿಕೆಯ ಪ್ರಾಣಿಗಳ ಮಾತು

ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವಾಗ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಹಾವು ಹಾಲು ಕುಡಿಯುತ್ತದಾ? ಹಾಲು ಹಾವಿನ ಆಹಾರ ಅಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಹಬ್ಬ ಯಾಕೆ ಅಂದರೆ ಹೊಲದ ಹಾವಿಗೆ ನಾವು ಸಲ್ಲಿಸುವ ಗೌರವ ಅಂತಲೂ ಹೇಳಿ. ಎರಡೂ ಕೂಡಿಯೇ ಇರಬಹುದು. ಜೋಳದ ಚೀಲಕ್ಕೆ ತೂತು ಕೊರೆಯುವ ಇಲಿ ಎಲ್ಲರ ಮನೆಯಲ್ಲೂ ಇದೆ. ಆ ಇಲಿಯ ಬಿಲದೊಳಗೇ ಇಳಿದು ಹಿಡಿಯಬಲ್ಲದ್ದು ಹಾವು. ಬೆಕ್ಕಿಗೆ ಅದು ಆಗುವುದಿಲ್ಲ.

ಆದರೆ ಕೇರೆ ಯಾವುದು, ನಾಗರ ಯಾವುದು ಅಂತ ಗುರುತಿಸೋದು ಮಕ್ಕಳ ಕೆಲಸ ಅಲ್ಲ. ಯಾವ ಹಾವು ಕಂಡರೂ ನಿಂತುಬಿಡಬೇಕು, ಹಿಂದೆ ಸರಿಯಬೇಕು, ದೊಡ್ಡವರನ್ನು ಕರೆಯಬೇಕು. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು. ವಿಷಕ್ಕೆ ಔಷಧ ಇರೋದು ಅಲ್ಲಿ ಮಾತ್ರ.

ಗೂಬೆಯದ್ದು ಇನ್ನೊಂದು ಕಥೆ. ಅಪಶಕುನ ಅಂತ ಕಲ್ಲು ಹೊಡೆಯುವವರು ಈಗಲೂ ಇದ್ದಾರೆ. ನಾನು ಮಾತಿನಿಂದ ಯಾರನ್ನೂ ಒಪ್ಪಿಸಲು ಹೋಗಲಿಲ್ಲ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ಮೂಳೆ, ಕೂದಲನ್ನು ಉಂಡೆ ಮಾಡಿ ಬಾಯಿಂದ ಕಾರುತ್ತದೆ. ಹಳೆಯ ವಾಡೆ, ಪಾಳು ಗೋಡೆಯ ಕೆಳಗೆ ಈ ಉಂಡೆ ಬಿದ್ದಿರುತ್ತವೆ. ದೊಡ್ಡವರು ಕೈಗವಸು ಹಾಕಿ ಒಂದನ್ನು ತಂದು, ಡೆಟಾಲ್ ಹಾಕಿದ ಬಿಸಿ ನೀರಿನಲ್ಲಿ ನೆನೆಸಿ, ಪೇಪರ್ ಮೇಲೆ ಕಡ್ಡಿಯಿಂದ ಬಿಡಿಸಿ. ಇಲಿಯ ತಲೆಬುರುಡೆ, ಹಳದಿ ಹಲ್ಲು, ಸೂಜಿಯಂಥ ಪಕ್ಕೆಲುಬು ಹೊರಬರುತ್ತವೆ. ನಾನು ಬಿಡಿಸಿದ ಒಂದು ಉಂಡೆಯಲ್ಲಿ ಎರಡು ಬುರುಡೆ ಇದ್ದವು. ನಮ್ಮ ಅತ್ತೆ ಅದನ್ನು ನೋಡಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಇಷ್ಟು ಇಲಿ ತಿಂತದಂದ್ರ ಇರ್ಲಿ ಬಿಡು" ಅಂದರು.

ರಣಹದ್ದನ್ನು ಮಕ್ಕಳಿಗೆ ತೋರಿಸಲು ನಮ್ಮ ಊರುಗಳಲ್ಲಿ ಈಗ ಆಗುವುದಿಲ್ಲ. ಅದಕ್ಕೆ ಮುತ್ಯಾನ (ಅಜ್ಜನ) ಹತ್ತಿರ ಕಳಿಸಿ. "ಸತ್ತ ಎತ್ತನ್ನು ಊರ ಹೊರಗೆ ಹಾಕಿದರೆ ಆಗ ಏನಾಗುತ್ತಿತ್ತು, ಈಗ ಏನಾಗುತ್ತದೆ?" ಈ ಒಂದೇ ಪ್ರಶ್ನೆ ಕೇಳಲಿ. ಮುತ್ಯಾ ಹೇಳಿದ್ದನ್ನು ಬರೆದುಕೊಂಡು ಬಂದ ಮೇಲೆ ಕಾರಣ ಹೇಳಿ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮೈಯಲ್ಲಿ ಉಳಿಯುತ್ತಿತ್ತು. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಸಾಯುತ್ತಿತ್ತು. 1990ರ ದಶಕದಿಂದ ಭಾರತದಲ್ಲಿ ಕೋಟ್ಯಂತರ ರಣಹದ್ದು ಹೀಗೆ ಹೋದವು. ದನಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಹದ್ದು ಕಡಿಮೆಯಾದಾಗ ಹೆಣ ಕೊಳೆತವು, ಬೀದಿನಾಯಿ ಜಾಸ್ತಿಯಾದವು. ಒಂದು ಪ್ರಾಣಿ ಮಾಡುತ್ತಿದ್ದ ಕೆಲಸ ಎಷ್ಟು ದೊಡ್ಡದಿತ್ತು ಅಂತ ಅದು ಹೋದ ಮೇಲೆ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ತೊಗರಿ ಹೂವಿನ ಹೊತ್ತು: ಕಾಜಾಣದ ಕೆಲಸ

ವರ್ಷದಲ್ಲಿ ಒಂದೇ ಒಂದು ದಿನ ಮಕ್ಕಳನ್ನು ಹೊರಗೆ ಒಯ್ಯಲು ಸಾಧ್ಯ ಅಂದರೆ, ಈ ದಿನ ಒಯ್ಯಿರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಈ ಸೀಮೆಯದೇ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕಿದೆ ಅಂತ ಮಕ್ಕಳು ಶಾಲೆಯಲ್ಲಿ ಕೇಳಿರುತ್ತಾರೆ. ಆ ಬೇಳೆಯನ್ನು ಕಾಯುವವರು ಯಾರು ಅಂತ ಕೇಳಿರುವುದಿಲ್ಲ.

ತೊಗರಿ ಹೂವು ಬಿಟ್ಟು ಕಾಯಿ ಕಟ್ಟುವ ನವೆಂಬರ್ ಹೊತ್ತಿಗೆ ಪರಿಚಯದ ರೈತರ ಹೊಲಕ್ಕೆ ಹೋಗಿ. ಮೊದಲು ಕೇಳಬೇಕಾದ ಮಾತು: "ಕಾಕಾ, ಎಣ್ಣಿ ಯಾವಾಗ ಹೊಡ್ದೀರಿ?" ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಅನ್ನುತ್ತಾರೆ. ಈಚಿನ ಕೆಲವು ದಿನಗಳಲ್ಲಿ ಹೊಡೆದಿದ್ದರೆ ಆ ಹೊಲ ಬೇಡ. ಬೇರೆ ಹೊಲ ನೋಡಿ.

ಬೆಡ್‌ಶೀಟನ್ನು ಸಾಲಿನ ನಡುವೆ ಹಾಸಿ. ಮೇಲಿನ ಗಿಡವನ್ನು ಬಗ್ಗಿಸಿ ಮೆಲ್ಲಗೆ ಜಾಡಿಸಿ. ಹಸಿರು ಹುಳ ಬೀಳುತ್ತವೆ. ಅದೇ ಕಾಯಿಕೊರಕ. ಕಾಯಿಗೆ ತೂತು ಕೊರೆದು ತಲೆ ಒಳಗೆ ಹಾಕಿ ಕಾಳು ತಿನ್ನುತ್ತದೆ. ನಮ್ಮ ಭಾಗದ ರೈತರು ಹಿಂದಿನಿಂದಲೂ ಹೀಗೆ ಗಿಡ ಜಾಡಿಸಿ ಹುಳ ಆರಿಸುತ್ತಾ ಬಂದಿದ್ದಾರೆ. ಮಕ್ಕಳು ಎಣಿಸಿ ಬರೆದುಕೊಳ್ಳಲಿ: ಒಂದು ಗಿಡಕ್ಕೆ ಎಷ್ಟು?

ಈಗ ಕಾಜಾಣಕ್ಕೆ ಕುರ್ಚಿ ಹಾಕಿ. ಎರಡು ಕಟ್ಟಿಗೆಯನ್ನು ಇಂಗ್ಲಿಷ್ ಟಿ ಅಕ್ಷರದ ಹಾಗೆ ಕಟ್ಟಿ, ಬೆಳೆಗಿಂತ ಒಂದೆರಡು ಅಡಿ ಎತ್ತರ ಬರುವಂತೆ ನೆಡಿ. ಎಕರೆಗೆ 20ರಷ್ಟು ಇರಲಿ ಅನ್ನುವುದು ಕೃಷಿ ತಜ್ಞರ ಸಲಹೆ. ನಿಮ್ಮ ಪಾಠಕ್ಕೆ ಎರಡು ಮೂರು ಸಾಕು. ರೈತರ ಒಪ್ಪಿಗೆ ಕೇಳಿಯೇ ನೆಡಿ. ಆಮೇಲೆ ದೂರ ಹೋಗಿ ಬದುವಿನ ಮೇಲೆ ಕೂತುಬಿಡಿ. ಮಾತಾಡಬೇಡಿ.

ಮೊದಲ ದಿನ ಹಕ್ಕಿ ಬರದೇ ಇರಬಹುದು. ನಮಗೂ ಬರಲಿಲ್ಲ. ಮಕ್ಕಳು ಬೇಜಾರಾದರು. ಮುಂದಿನ ಭಾನುವಾರ ಹೋದಾಗ ಮೂರರಲ್ಲಿ ಎರಡು ಕಟ್ಟಿಗೆಯ ಮೇಲೆ ಹಿಕ್ಕೆಯ ಬಿಳಿ ಗುರುತು ಇತ್ತು. ಸ್ವಲ್ಪ ಹೊತ್ತಿಗೆ ಬಾಲ ಸೀಳಿದ ಕರಿ ಹಕ್ಕಿ ಬಂದು ಕೂತಿತು. ಥಟ್ಟನೆ ಕೆಳಗೆ ಹಾರಿ, ಅದೇ ಕಟ್ಟಿಗೆಗೆ ಬಂದು ಬಾಯಲ್ಲಿದ್ದ ಹುಳವನ್ನು ಬಡಿದು ನುಂಗಿತು. ಮಗಳು ನನ್ನ ಕೈ ಹಿಡಿದು ಜಗ್ಗಿದಳು. ಒಂದು ತಾಸಿನಲ್ಲಿ ಎಷ್ಟು ಸಲ ಹಾರಿತು ಅಂತ ಗೀಟು ಹಾಕಿಸಿ. ಗೊರವಂಕ, ನೀಲಕಂಠ ಕೂಡ ಬರಬಹುದು. ನೀಲಕಂಠ ನಮ್ಮ ರಾಜ್ಯದ ಹಕ್ಕಿ. ರೆಕ್ಕೆ ಬಿಚ್ಚಿದಾಗ ಆ ನೀಲಿ ನೋಡಿದ ಮಕ್ಕಳು ಅದನ್ನು ಮರೆಯುವುದಿಲ್ಲ.

ಅವತ್ತು ರಾತ್ರಿ ಊಟಕ್ಕೆ ಬ್ಯಾಳಿ ಮಾಡಿ. ಏನೂ ಹೇಳಬೇಡಿ. ಮಕ್ಕಳೇ ಹೇಳುತ್ತಾರೆ.

ಸೂರ್ಯಕಾಂತಿ ಹೊಲ ಹತ್ತಿರ ಇದ್ದರೆ ಇನ್ನೊಂದು ಪ್ರಯೋಗ ಮಾಡಬಹುದು. ಹೂವು ಅರಳುವ ಮೊದಲೇ ಒಂದು ಮೊಗ್ಗಿಗೆ ತೆಳು ಜಾಳಿಗೆ ಬಟ್ಟೆಯ ಚೀಲ ಕಟ್ಟಿ. ಪಕ್ಕದ ಹೂವು ತೆರೆದೇ ಇರಲಿ. ತೆನೆ ಒಣಗಿದ ಮೇಲೆ ಎರಡರ ಬೀಜವನ್ನೂ ಬಿಡಿಸಿ, ಗಟ್ಟಿ ಕಾಳು ಬೇರೆ, ಜೊಳ್ಳು ಬೇರೆ ಎಣಿಸಿ. ಜೇನು ಮುಟ್ಟದ ತೆನೆಯಲ್ಲಿ ಸಾಮಾನ್ಯವಾಗಿ ಜೊಳ್ಳು ಜಾಸ್ತಿ. ಕೆಲವು ಹೈಬ್ರಿಡ್ ತಳಿಯಲ್ಲಿ ವ್ಯತ್ಯಾಸ ಕಡಿಮೆ ಇರುತ್ತದೆ. ಎಣಿಕೆ ಏನು ಬಂದರೂ ಅದನ್ನೇ ಬರೆಯಿಸಿ, ತಿದ್ದಬೇಡಿ. ಹೆಜ್ಜೇನಿನ ಗೂಡು ಕಂಡ ಕಡೆ ಮಾತ್ರ ಸುಳಿಯಬೇಡಿ.

ಎಳ್ಳಮಾವಾಸ್ಯೆ: ನಷ್ಟದ ಮಾತೂ ಬರಲಿ

ಎಳ್ಳಮಾವಾಸ್ಯೆಗೆ ಹೇಗೂ ಎಲ್ಲರೂ ಹೊಲಕ್ಕೆ ಹೋಗುತ್ತೇವೆ ಅಲ್ವಾ? ಭಜ್ಜಿ, ಸಜ್ಜೆ ರೊಟ್ಟಿ ಬುತ್ತಿ ಕಟ್ಟಿಕೊಂಡು. ಚರಗ (ಹೊಲಕ್ಕೆ ಎಡೆಯಾಗಿ ಚೆಲ್ಲುವ ಅನ್ನ) ಚೆಲ್ಲಿದ ಮೇಲೆ ಅದನ್ನು ಯಾರು ಯಾರು ತಿಂದರು ಅಂತ ಮಕ್ಕಳನ್ನು ಕಾವಲು ಕೂರಿಸಿ. ಇರುವೆ, ಗೊರವಂಕ, ಅಳಿಲು. ಹೊಲದ ಕೆಲಸಗಾರರ ಪಟ್ಟಿ ಅಲ್ಲೇ ಸಿಗುತ್ತದೆ.

ಆ ಹೊತ್ತಿಗೆ ಬಿಳಿಜೋಳ ನಿಂತಿರುತ್ತದೆ. ತೆನೆ ಹಾಲು ತುಂಬಿದಾಗ ಗಿಳಿ, ಗುಬ್ಬಿ ಬಂದು ತಿನ್ನುತ್ತವೆ. ರೈತರು ತಗಡು ಬಡಿದು, ಕವಣೆ ಬೀಸಿ ಓಡಿಸುತ್ತಾರೆ. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಹುಳ ತಿಂದು ಉಳಿಸುವ ಹಕ್ಕಿಯೂ ಇದೆ, ಕಾಳು ತಿಂದು ಹೋಗುವ ಹಕ್ಕಿಯೂ ಇದೆ. ಗುಬ್ಬಿಯಂತೂ ತಾನು ಕಾಳು ತಿಂದರೂ ಮರಿಗೆ ಹುಳವನ್ನೇ ಉಣ್ಣಿಸುತ್ತದೆ. ಬೀದರ್ ಕಡೆ ಕೃಷ್ಣಮೃಗ ಬೆಳೆಗೆ ನುಗ್ಗುವುದೂ ನಿಜ. ರೈತರ ಕಷ್ಟ ಕೇಳದೆ ಬೆಳೆದ ಮಗುವಿನ ಪ್ರಾಣಿಪ್ರೀತಿ ಅರ್ಧದ್ದು ಅಂತ ನನಗೆ ಅನಿಸುತ್ತದೆ.

ಇಲ್ಲೇ ನಾನು ಎಡವಿದ್ದನ್ನು ಹೇಳಬೇಕು. ಒಂದು ಸಲ ಹಲ್ಲಿ ಸೊಳ್ಳೆ ತಿನ್ನುತ್ತದೆ, ಕಪ್ಪೆ ಹುಳ ತಿನ್ನುತ್ತದೆ, ಅದಕ್ಕೇ ಅವನ್ನು ಹೊಡೀಬಾರದು ಅಂತ ಹೇಳುತ್ತಾ ಹೋದೆ. ಒಬ್ಬ ಹುಡುಗ ಕೈ ಎತ್ತಿದ. "ಮತ್ತ ಯಾವ ಕೆಲಸಾನೂ ಮಾಡಲಾರದ ಪ್ರಾಣಿ ಇದ್ರ ಹೊಡೀಬಹುದೇನ್ರೀ?" ನನಗೆ ಉತ್ತರ ಬರಲಿಲ್ಲ. ಉಪಯೋಗ, ಉಪಯೋಗ ಅಂತ ನಾನೇ ಕಲಿಸಿದ್ದೆ, ಆ ಹುಡುಗ ಅದನ್ನೇ ಮುಂದಕ್ಕೆ ಒಯ್ದಿದ್ದ. ಅಂದಿನಿಂದ ಒಂದು ಬದಲಾವಣೆ ಮಾಡಿಕೊಂಡೆ. ಚಳಿಗಾಲದಲ್ಲಿ ಒಂದು ದಿನ ನೋಟ್‌ಬುಕ್ ಇಲ್ಲದೆ ಹೋಗುತ್ತೇವೆ. ಲಾಭ ನಷ್ಟ ಏನೂ ಬರೆಯುವುದಿಲ್ಲ, ಸುಮ್ನೆ ನೋಡುತ್ತೇವೆ.

ಯಾದಗಿರಿಯವರಿಗೆ ಇದಕ್ಕೆ ಸುರಪುರ ತಾಲ್ಲೂಕಿನ ಬೋನಾಳ ಕೆರೆ ಇದೆ. ಸುರಪುರದ ನಾಯಕ ಅರಸರ ಕಾಲದ ಕೆರೆ ಅದು, ಈಗ ಪಕ್ಷಿಧಾಮ. ಕೊಕ್ಕರೆ, ನೀರುಕಾಗೆ, ಬಾತು ನೋಡುತ್ತಾ ಮಕ್ಕಳು ತಾಸುಗಟ್ಟಲೆ ಕೂರುತ್ತಾರೆ. ಕಲಬುರಗಿಯವರಿಗೆ ಚಿಂಚೋಳಿ ವನ್ಯಜೀವಿಧಾಮ ಇದೆ. 2011ರಲ್ಲಿ ಘೋಷಣೆಯಾದದ್ದು. ಒಣ ಸೀಮೆಯಲ್ಲೂ ಇಂಥ ಕಾಡಿದೆ ಅಂತ ನಮ್ಮೂರ ಎಷ್ಟೋ ಜನಕ್ಕೆ ಗೊತ್ತಿಲ್ಲ. ತೋಳ, ಕತ್ತೆಕಿರುಬ ಅಲ್ಲಿವೆ. ಅವು ಕಾಣಲಿಕ್ಕಿಲ್ಲ. ಅವು ಇಲ್ಲೇ ಎಲ್ಲೋ ಇವೆ ಅಂತ ತಿಳಿದು ಆ ಕಾಡಿನಲ್ಲಿ ನಡೆಯುವುದೇ ಮಕ್ಕಳಿಗೆ ಬೇರೆ ಅನುಭವ. ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ.

ಸುಗ್ಗಿ ಆದ ಮೇಲೆ: ಕುರಿ ತರುಬಿದ ಹೊಲ

ರಾಶಿ ಮುಗಿದು ಹೊಲ ಖಾಲಿಯಾದಾಗ ಕುರಿಗಾರರು ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತರುಬಿಸುತ್ತಾರೆ. ಅಂದರೆ ಹಿಂಡನ್ನು ಅಲ್ಲೇ ನಿಲ್ಲಿಸಿ ಮಲಗಿಸುವುದು. ಹಿಕ್ಕೆ, ಉಚ್ಚೆ ನೇರ ಮಣ್ಣಿಗೆ ಸೇರುತ್ತದೆ. ಹೊಲದವರು ಅದಕ್ಕೆ ಕಾಳೋ ದುಡ್ಡೋ ಕೊಡುತ್ತಾರೆ. ಗೊಬ್ಬರದ ಅಂಗಡಿ ಬರುವ ಮೊದಲಿನ ಲೆಕ್ಕಾಚಾರ ಇದು, ಈಗಲೂ ನಡೆಯುತ್ತಿದೆ.

ಸಂಜೆ ಹೋಗಿ, ಹಿಂಡು ಬರುವ ಹೊತ್ತಿಗೆ. ಬರಿಗೈಯಲ್ಲಿ ಹೋಗಬೇಡಿ, ಚಹಾಪುಡಿ ಸಕ್ಕರೆ ಒಯ್ಯಿರಿ. ಅವರ ನಾಯಿಗಳು ಜೋರು, ದೂರದಿಂದಲೇ ಕೂಗಿ ಕರೆಯಿರಿ. ಮಕ್ಕಳು ಮೂರು ಪ್ರಶ್ನೆ ಮೊದಲೇ ಬರೆದುಕೊಂಡಿರಲಿ. ಇಷ್ಟು ಕುರಿಯಲ್ಲಿ ಯಾರ ಮರಿ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ತೋಳ ಬಂದರೆ ಏನು ಮಾಡುತ್ತೀರಿ? ಈ ಉಣ್ಣೆ ಎಲ್ಲಿಗೆ ಹೋಗುತ್ತದೆ? ನಮ್ಮ ಕಡೆಯ ದಖನಿ ಕುರಿಯ ಉಣ್ಣೆ ಒರಟು, ಸ್ವೆಟರಿಗೆ ಆಗುವುದಿಲ್ಲ. ಕಂಬಳಿಗೆ ಅದೇ ಬೇಕು. ಕುರಿಗಾರರ ಹೆಗಲ ಮೇಲಿನ ಕಂಬಳಿಯನ್ನು ಒಮ್ಮೆ ಮುಟ್ಟಲು ಕೇಳಿ. ಮಳೆಯಲ್ಲಿ, ಚಳಿಯಲ್ಲಿ, ನೆಲದ ಮೇಲೆ ಅದೇ ಅವರ ಮನೆ. ನಾನು ಏನೇ ವಿವರಿಸಿದರೂ ಅವರು ಹೇಳುವ ಮಾತಿನ ತೂಕ ಬರುವುದಿಲ್ಲ. ಅಲ್ಲಿ ನಾನು ಹಿಂದೆ ನಿಲ್ಲುತ್ತೇನೆ.

ಬೇಸಿಗೆ: ಈಗ ನಮ್ಮ ಸರದಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಸರ್ಕಾರಿ ಕಚೇರಿಯ ಸಮಯವನ್ನೇ ಬೆಳಗ್ಗೆ ಎಂಟಕ್ಕೆ ಬದಲಿಸುತ್ತಾರೆ. ಹಕ್ಕಿ, ದನಕ್ಕೆ ಅಂಥ ಆದೇಶ ಇಲ್ಲ. ಇಡೀ ವರ್ಷ ಅವುಗಳ ಕೆಲಸ ನೋಡಿದ ಮಕ್ಕಳಿಗೆ ಈಗ ಒಂದು ಕೆಲಸ ಕೊಡಿ.

ಅಗಲ ಬಾಯಿಯ ಮಣ್ಣಿನ ಬೋಗುಣಿ ತನ್ನಿ. ಸ್ಟೀಲ್, ಪ್ಲಾಸ್ಟಿಕ್ ಬೇಡ, ಅದರಲ್ಲಿ ನೀರು ಸುಡುತ್ತದೆ. ನೆರಳಿನಲ್ಲಿ, ಬೆಕ್ಕು ಹಾರಲಾಗದ ಕಡೆ ಇಡಿ. ಆಳ ಎರಡು ಮೂರು ಬೆರಳು ಸಾಕು. ನಡುವೆ ನಾಲ್ಕು ಕಲ್ಲು ಹಾಕಿ, ನೀರಿನಿಂದ ಸ್ವಲ್ಪ ಮೇಲೆ ಬರುವಂಥವು. ಜೇನುನೊಣ ಅದರ ಮೇಲೆ ಕೂತು ಕುಡಿಯುತ್ತವೆ, ಇಲ್ಲದಿದ್ದರೆ ಬಿದ್ದು ಸಾಯುತ್ತವೆ. ಬೀದಿ ದನಕ್ಕೆ ಗೇಟಿನ ಹೊರಗೆ ಒಂದು ಬಕೆಟ್ ಇಡಿ. ಬಿಸಿಲಿಗೆ ಬಿದ್ದ ದನ ಕಂಡರೆ 1962ಕ್ಕೆ ಕರೆ ಮಾಡಿ, ಪಶುಪಾಲನಾ ಇಲಾಖೆಯ ಸಹಾಯವಾಣಿ ಅದು.

ಯಾವ ಮನೆಯಲ್ಲಿ ಯಾರು ನೀರು ಹಾಕಬೇಕು ಅಂತ ಮಕ್ಕಳ ಹೆಸರು ಬರೆದು ಗೋಡೆಗೆ ಅಂಟಿಸಿ. ರಜೆಗೆ ಊರಿಗೆ ಹೋಗುವ ಮಗು ತನ್ನ ಪಾಳಿಯನ್ನು ಇನ್ನೊಬ್ಬರಿಗೆ ಒಪ್ಪಿಸಿಯೇ ಹೋಗಬೇಕು. ಬೋಗುಣಿಯನ್ನು ದಿನಾ ಬೆಳಗ್ಗೆ ಬರೀ ನೀರಿನಿಂದ ತಿಕ್ಕಿ ತೊಳೆಯಬೇಕು, ಸೋಪು ಬೇಡ. ಎರಡು ದಿನ ಬಿಟ್ಟರೆ ಪಾಚಿ ಕಟ್ಟುತ್ತದೆ, ವಾರ ಬಿಟ್ಟರೆ ಸೊಳ್ಳೆ ಮರಿ ಆಗುತ್ತವೆ. ತೊಳೆದ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ.